ವರದೆಯ ಉಸುಕಿನಲ್ಲಿ ಬಾಣಂತಿ ಹಕ್ಕಿಗಳು

ಅಂದು ಬೆಳಿಗ್ಗೆ ಎಂದಿನಂತೆ ನಸುಕಿನಲ್ಲೆದ್ದು ಅಂಗಳಕ್ಕೆ ಸಗಣಿನೀರು ಚಿಮುಕಿಸಿದೆ. ಒಲೆ ಹೊತ್ತಿಸಿ, ಅತ್ತೆಯವರ ಲಿಂಗಪೂಜೆಗೆ ನೀರು, ಪತ್ರೆ, ವಿಭೂತಿ ಇಟ್ಟು, ಹಿಂದಿನ ರಾತ್ರಿ ಹೆಪ್ಪು ಹಾಕಿದ್ದ ಮೊಸರಿನ ಗಡಿಗೆಯನ್ನು ಸ್ವಲ್ಪ ಓರೆ ಮಾಡಿ ನೋಡಿದೆ. ಗಟ್ಟಿಯಾಗಿತ್ತು. ಆಮೇಲೆ ರೊಟ್ಟಿ ಬಡಿಯಲು ಕುಳಿತೆ. ಬೇರೆ ದಿನಗಳಿಗೂ ಅಂದಿಗೂ ಇದ್ದ ಅಂತರವೆಂದರೆ, ಬೆಂದ ರೊಟ್ಟಿಗಳನ್ನು ಬುಟ್ಟಿಗೆ ಹಾಕದೆ ಒಗೆದ ಧೋತರದ ತುಂಡಿನಲ್ಲಿ ಕಟ್ಟುತ್ತಿದ್ದೆ. ಎಣಗಾಯಿ ಪಲ್ಯ, ಶೇಂಗಾ ಹಿಂಡಿ, ಒಂದು ಡಬ್ಬಿ ಗೋಧಿ-ಬೆಲ್ಲದ ಮಾದಲಿ, ಬೋಗುಣಿ ತುಂಬ ಮೊಸರನ್ನ. ಲಡಾಯಿಯ ಕಾಲವಾದ್ದರಿಂದ ಅಕ್ಕಿ ಅಳೆದು ಕೊಡುತ್ತಿದ್ದರು; ಆ ಮೊಸರನ್ನಕ್ಕಾಗಿ ಮನೆಯವರೆಲ್ಲ ಎರಡು ದಿನ ಅನ್ನ ಬಿಟ್ಟಿದ್ದೆವು. ಅದು ಹೊಳೆಯ ತಾಯಿ ಗಂಗವ್ವನ ಪಾಲು.

ಹೊರಟದ್ದು ವರದಾ ಹೊಳೆಗೆ. ಅತ್ತೆಯವರ ಕೆಲಸ ಬೇರೆ, ನನ್ನ ಕೆಲಸ ಬೇರೆ, ಹಾದಿ ಮಾತ್ರ ಒಂದೇ. ನನ್ನ ನಾದಿನಿ ಶರಣವ್ವ ಬಾಣಂತನಕ್ಕೆಂದು ತವರಿಗೆ ಬಂದಿದ್ದಳು. ಅವಳ ಮೊದಲ ಕೂಸು ದಕ್ಕಿರಲಿಲ್ಲ. ಈ ಸಲ ಎಲ್ಲ ಸುಸೂತ್ರವಾದರೆ ಸಾಕೆಂದು ಅತ್ತೆಯವರು ಹೊಳೆಗೆ ಹೋಗಿ ಗಂಗವ್ವನಿಗೆ ಉಡಿ ತುಂಬುವುದಾಗಿ ಹರಸಿಕೊಂಡಿದ್ದರು. ಉಡಿಯ ಕೊಬ್ಬರಿಬಟ್ಟಲನ್ನು ಪ್ರಸಾದವೆಂದು ತಂದು ಬಸುರಿಗೆ ತಿನ್ನಿಸಬೇಕು. ಅಲ್ಲಿಗೆ ಹರಕೆ ಪೂರ್ತಿಯಾದಂತೆ.

ನನಗೆ ಬೇಕಾದದ್ದು ಹಕ್ಕಿಗಳು. ಬೆಳಗಾವಿಯಲ್ಲಿ ಕಾನ್ವೆಂಟು ಶಾಲೆಗೆ ಹೋಗುತ್ತಿದ್ದಾಗ ಸಿಸ್ಟರುಗಳು ಒಮ್ಮೆ ನಮ್ಮನ್ನು ಕಾರವಾರದ ಕಡಲಿಗೆ ಕರೆದುಕೊಂಡು ಹೋಗಿದ್ದರು. ದಂಡೆಯಿಂದ ದೂರ, ನೀರಿನ ನಡುವೆ ಒಂದು ಕಡಿದಾದ ಬಂಡೆ. ಅದರ ಮೇಲೆ ಬಿಳಿಯ ಹಕ್ಕಿಗಳು ಹಿಂಡು ಹಿಂಡಾಗಿ ಏಳುತ್ತಿದ್ದವು, ಮತ್ತೆ ಇಳಿಯುತ್ತಿದ್ದವು. ಅಲ್ಲಿ ಅವುಗಳ ಗೂಡುಗಳಿವೆಯೆಂದು ಸಿಸ್ಟರೊಬ್ಬರು ಹೇಳಿದರು. ದೋಣಿಯವನು ಕರೆದೊಯ್ಯಲು ತಯಾರಿದ್ದ. ಹುಡುಗಿಯರಿಗೆ ಅಪ್ಪಣೆಯಾಗಲಿಲ್ಲ. ಮದುವೆಯಾಗಿ ಹಾನಗಲ್ಲಿಗೆ ಬಂದ ಮೇಲೆ ಕಡಲಂತೂ ದೂರವೇ ಉಳಿಯಿತು. ಈ ಚೈತ್ರದಲ್ಲಿ, ಸಂತೆಯಲ್ಲಿ ಕಲ್ಲಂಗಡಿ ಮಾರಲು ಬಂದಿದ್ದ ಹನುಮವ್ವನೆಂಬ ಹೆಂಗಸು ನೆತ್ತಿಯ ಮೇಲಿನ ಗಾಯ ತೋರಿಸಿ, “ಹೊಳಿ ಉಸುಕಿನ್ಯಾಗ ಬಿಳೀ ಹಕ್ಕಿ ತತ್ತಿ ಇಟ್ಟಾವ್ರಿ. ಬಾಲ ಕತ್ತರಿ ಇದ್ದಂಗ ಐತಿ. ಸನೇಕ ಹ್ವಾದ್ರ ತಲೀ ಕುಕ್ಕತಾವು” ಎಂದಳು. ಕೈಯಲ್ಲಿದ್ದ ಹಣ್ಣನ್ನು ಕೆಳಗಿಟ್ಟು ಮತ್ತೊಮ್ಮೆ ಕೇಳಿದೆ. ಕಡಲ ಹಕ್ಕಿಗಳ ಬಳಗದವೇ, ಹೊಳೆಗುಂಟ ಒಳನಾಡಿಗೆ ಬಂದು ಸಂಸಾರ ಹೂಡಿವೆ. ಈ ಸಲ ಯಾರ ಅಪ್ಪಣೆಗೂ ಕಾಯುವುದಿಲ್ಲವೆಂದು ಅಲ್ಲಿಯೇ ನಿಶ್ಚಯಿಸಿದೆ.

ವಕೀಲಿ ಮಾಡುವ ನಮ್ಮ ಮನೆಯವರು ಪೇಪರಿನಿಂದ ತಲೆಯೆತ್ತದೆ, “ಕಾಗಿ ಗುಬ್ಬಿ ನಮ್ಮ ಹಿತ್ತಲದಾಗ ಇಲ್ಲೇನ?” ಎಂದರು. ಆದರೂ ಪೆಟ್ಟಿಗೆಯಲ್ಲಿದ್ದ ದುರ್ಬೀನನ್ನು ಒರೆಸಿ ಕೊಟ್ಟರು. ಆಡೂರಿನ ತಮ್ಮ ಕಕ್ಷಿದಾರನೊಬ್ಬನಿಗೆ ಚಕ್ಕಡಿ ಇಟ್ಟಿರಲು ಹೇಳಿಯೂ ಕಳಿಸಿದ್ದರು.

ಹಾನಗಲ್ಲಿನಿಂದ ಆಡೂರಿಗೆ ಮೋಟಾರಿನಲ್ಲಿ ತಲೆಗೆ ಮೂರಾಣೆ. ಪೆಟ್ರೋಲು ಸಿಗದೆ ಮೋಟಾರಿನ ಬೆನ್ನಿಗೆ ಇದ್ದಿಲು ಉರಿಸುವ ದೊಡ್ಡ ಉರುಳೆಯೊಂದನ್ನು ಕಟ್ಟಿದ್ದರು. ಒಬ್ಬಾತ ಅದರ ತಿದಿಯ ಚಕ್ರವನ್ನು ಗರಗರ ತಿರುಗಿಸುತ್ತ ಬೆವರುತ್ತಿದ್ದ.

“ನಮ್ಮ ಬಚ್ಚಲದ ಹಂಡೇಕ ಗಾಲಿ ಕಟ್ಟಿದಂಗ ಆತಲ್ಲೋ ಇದು” ಎಂದರು ಅತ್ತೆಯವರು.

“ಹಂಡೆ ಕಾದ್ರನ ಗಾಡಿ ಹೊಂಡತೈತ್ರಿ ಯವ್ವಾ, ಕುಂದರ್ರಿ” ಎಂದ ಕಂಡಕ್ಟರು. ಚೀಟಿ ಹರಿಯುತ್ತ, “ಎಲ್ಲಿಗಿ ಹೊಂಟ್ರಿ? ಮದವಿಗೋ, ಮಣ್ಣಿಗೋ?” ಎಂದು ಕೇಳಿದ.

“ಹಕ್ಕಿ ನೋಡಾಕ” ಎಂದೆ. ಸುಳ್ಳು ಹೇಳಲು ಕಾರಣವೇನೂ ಕಾಣಲಿಲ್ಲ.

ಅವನು ಚೀಟಿ ಹರಿಯುವುದನ್ನು ನಿಲ್ಲಿಸಿ ಡ್ರೈವರನಿಗೆ ಕೇಳುವಂತೆ, “ಕೇಳಿದೇನಪಾ, ಹಕ್ಕಿ ನೋಡಾಕ ತಿಕೀಟ ತಗೊಂಡಾರ! ನಾಳೆ ಇರಬಿ ನೋಡಾಕ ಹುಬ್ಬಳ್ಳಿಗೆ ಹೊಂಡತಾರ!” ಎಂದ. ಮೋಟಾರಿನವರೆಲ್ಲ ನಕ್ಕರು. ಅತ್ತೆಯವರು ಸೆರಗು ಸರಿಮಾಡಿಕೊಂಡು, “ನಾ ಗಂಗವ್ವಗ ಉಡಿ ತುಂಬಾಕ ಹೊಂಟೇನಿ. ಹಕ್ಕಿ ನೋಡಾಕಿ ಈಕಿ” ಎಂದು ನನ್ನನ್ನು ಬೊಟ್ಟು ಮಾಡಿ ತೋರಿಸಿ ತಾವು ಪಾರಾದರು. ನಾನೂ ನಕ್ಕೆ.

ದಾರಿಯಲ್ಲಿ ಒಂದು ಏರು ಬಂದಾಗ ಗಂಡಸರೆಲ್ಲ ಇಳಿದು ದಬ್ಬಿದರು. ಹೊಲಗಳಲ್ಲಿ ಹತ್ತಿಕಟ್ಟಿಗೆ ಕಿತ್ತಾಗಿತ್ತು. ಕರಿಮಣ್ಣು ಬಾಯಿಬಿಟ್ಟಿತ್ತು. ಬೇವಿನ ಹೂವಿನ ಕಹಿಗಂಪು ಇದ್ದಿಲಿನ ಹೊಗೆಯೊಂದಿಗೆ ಬೆರೆತು ಮೂಗಿಗೆ ಬರುತ್ತಿತ್ತು. ಆಡೂರಿನಲ್ಲಿ ಇಳಿದಾಗ ಚಕ್ಕಡಿಯ ಫಕೀರಪ್ಪ ಎತ್ತುಗಳಿಗೆ ನೀರು ಕುಡಿಸಲು ಹೋಗಿದ್ದ. ಅಷ್ಟರಲ್ಲಿ ಗುಡಿಯ ಬಳಿ ಬಹು ಹಿಂದಿನ ಕಾಲದ ಶಾಸನದ ಕಲ್ಲನ್ನು ನೋಡಿಬಂದೆವು. ಅದು ಕನ್ನಡವೇ ಎಂದು ಕೇಳಿದ್ದೆ. ಒಂದಕ್ಷರವೂ ನನಗೆ ಗುರುತು ಸಿಗಲಿಲ್ಲ. ಪಕ್ಕದ ಹಾಸುಗಲ್ಲಿನ ಮೇಲೆ ಯಾರೋ ಸಂಡಿಗೆ ಒಣಹಾಕಿದ್ದರು. ಅತ್ತೆಯವರು ಶಾಸನಕ್ಕೆ ಕೈಮುಗಿದು, ಸಂಡಿಗೆಯನ್ನು ಬೆರಳಿನಿಂದ ಒತ್ತಿ ನೋಡಿ, “ಇನ್ನೊಂದು ಬಿಸಲಾಗಬೇಕು” ಎಂದರು.

ಅಲ್ಲಿಂದ ಹೊಳೆಗೆ ಚಕ್ಕಡಿಯಲ್ಲಿ ಎರಡು ಹರದಾರಿಗೆ ಕಡಿಮೆಯಿಲ್ಲ. ಬಿಸಿಲು ಏರುತ್ತಿತ್ತು. ಹೊಳೆಯ ದಂಡೆ ತಲುಪಿದಾಗ ಮೊದಲು ಕಂಡದ್ದು ನೀರಲ್ಲ, ಉಸುಕು. ಮಳೆಗಾಲದ ಹೊಳೆ ಕೊರೆದ ಮಣ್ಣಿನ ದಂಡೆ ಎರಡಾಳೆತ್ತರ ಗೋಡೆಯಂತೆ ನಿಂತಿತ್ತು. ಅದರ ಕೆಳಗೆ ಕಣ್ಣು ಕುಕ್ಕುವ ಬಿಳಿ ಉಸುಕು. ಈ ಕಡೆ ಮೊಳಕಾಲುದ್ದದ ಒಂದು ಹರಿವು, ಆ ಕಡೆ ಇನ್ನೊಂದು ಸಣ್ಣ ಹರಿವು. ನಡುವೆ ಮೀನಿನ ಬೆನ್ನಿನಂತೆ ಎದ್ದ ದಿನ್ನೆ. ದಂಡೆಯ ಮಗ್ಗುಲಿಗೆ ಹನುಮವ್ವ ಮತ್ತು ಅವಳ ಗಂಡ ಉಸುಕಿನಲ್ಲಿ ಗುಣಿ ತೋಡಿ ಕಲ್ಲಂಗಡಿ ಬಳ್ಳಿ ಹಬ್ಬಿಸಿದ್ದರು.

“ಅಯ್ಯ, ಬಂದ ಬಿಟ್ರಿ!” ಎಂದು ಹನುಮವ್ವ ಗುಡಿಸಲಿನಿಂದ ಹೊರಗೆ ಬಂದಳು. “ನಾ ಸಂತ್ಯಾಗ ಬಾಯಿಮಾತಿಗಿ ಅಂದ್ರ ಖರೇನ ಬಂದ್ರಲ್ರಿ! ಮುಂಜಾಲಿಂದ ಸಂಜೀಮಟ ಅವುಗಳ ಚೀರಾಟ ಕೇಳಿ ನನಗ ಸಾಕಾಗೇತಿ. ನೀವು ಬೇಕಾದ್ರ ಎಲ್ಲಾ ಒಯ್ಯರಿ.”

ನಾನು ದಂಡೆಯ ಮೇಲೆಯೇ ಒಂದು ಜಾಲಿಯ ನೆರಳಿನಲ್ಲಿ ಕುಳಿತು ದುರ್ಬೀನು ಕಣ್ಣಿಗೆ ಹಿಡಿದೆ. ಮೊದಲು ಬರೀ ಉಸುಕಿನ ಝಳ. ಆಮೇಲೆ ಒಂದು ಹಳದಿ ಕೊಕ್ಕು ಕಂಡಿತು. ಕೊಕ್ಕಿನ ಹಿಂದೆ ಕಪ್ಪು ಟೊಪ್ಪಿಗೆ ಹಾಕಿದಂಥ ತಲೆ, ಬೂದಿಬಣ್ಣದ ಬೆನ್ನು. ಒಂದನ್ನು ಗುರುತಿಸಿದ್ದೇ ತಡ, ದಿನ್ನೆಯ ಮೇಲೆಲ್ಲ ಅವೇ ಕಾಣತೊಡಗಿದವು. ಹದಿನೈದಿಪ್ಪತ್ತು ಜೋಡಿಗಳಿರಬೇಕು. ಎಲ್ಲವೂ ಗಾಳಿಗೆ ಮುಖ ಮಾಡಿ ಕುಳಿತಿದ್ದವು. ಕಾನ್ವೆಂಟಿನ ಪ್ರಾರ್ಥನಾ ಮಂದಿರದಲ್ಲಿ ನಾವು ಒಂದೇ ಕಡೆ ಮುಖ ಮಾಡಿ ಕೂಡುತ್ತಿದ್ದ ನೆನಪಾಯಿತು.

ಗೂಡು ಎನ್ನುವಂಥದ್ದು ಏನೂ ಇಲ್ಲ. ಎದೆಯಿಂದ ಉಸುಕನ್ನು ಒತ್ತಿ ಮಾಡಿದ ಬೋಗುಣಿಯಂಥ ತಗ್ಗು, ಅಷ್ಟೇ. ಒಂದು ಹಕ್ಕಿ ಎದ್ದು ಮಗ್ಗುಲಾದಾಗ ಅದರಲ್ಲಿ ಎರಡು ತತ್ತಿ ಕಂಡವು. ಹಸಿರು ಬೆರೆತ ಬೂದಿಬಣ್ಣ, ಮೇಲೆ ಕಂದು ಕಲೆ. ಕಣ್ಣು ತೆಗೆದು ಮತ್ತೆ ನೋಡಿದರೆ ಹೊಳೆಗಲ್ಲೋ ತತ್ತಿಯೋ ತಿಳಿಯುವಂತಿರಲಿಲ್ಲ. ಗಂಡುಹಕ್ಕಿಯೊಂದು ಬೆಳ್ಳಗೆ ಹೊಳೆಯುವ ಮೀನು ಕಚ್ಚಿಕೊಂಡು ಬಂದು ಕುಳಿತವಳ ಬಾಯಿಗೆ ಕೊಟ್ಟಿತು. ಆಕೆ ನುಂಗಿ, ಮುಖ ತಿರುಗಿಸಿ ಕುಳಿತಳು. ಒಂದು ಉಪಕಾರದ ಮಾತಿಲ್ಲ!

ನನ್ನ ಮನಸ್ಸನ್ನು ಹೆಚ್ಚು ಹಿಡಿದದ್ದು ಇನ್ನೊಂದು. ಬಿಸಿಲು ಚುರುಕಾದಂತೆ ಹಕ್ಕಿಗಳು ಸರದಿಯ ಮೇಲೆ ಎದ್ದು ನೀರಿಗೆ ಹಾರುತ್ತಿದ್ದವು. ಮೀನಿಗಲ್ಲ. ನೀರಿನ ಮೇಲೆ ಹೊಟ್ಟೆ ತಾಗಿಸಿ, ಗರಿ ತೋಯಿಸಿಕೊಂಡು, ನೇರ ತಿರುಗಿ ಬಂದು ತತ್ತಿಗಳ ಮೇಲೆ ಕುಳಿತುಬಿಡುತ್ತಿದ್ದವು. ಒದ್ದೆ ಹೊಟ್ಟೆಯಿಂದ ತತ್ತಿಗಳನ್ನು ತಂಪು ಮಾಡುತ್ತಿದ್ದವು. ತತ್ತಿಯ ಮೇಲೆ ಕೂಡುವುದು ಕಾವು ಕೊಡಲಿಕ್ಕೆ ಎಂದೇ ಅದುವರೆಗೂ ತಿಳಿದಿದ್ದೆ. ಇಲ್ಲಿ ತಾಯಿಯ ಕೆಲಸ ನೆರಳಾಗುವುದು, ನೀರಾಗುವುದು.

ಅತ್ತೆಯವರೂ ದುರ್ಬೀನಿನಲ್ಲಿ ನೋಡಿದರು. ಆಮೇಲೆ, “ನಮ್ಮ ಶರಣಿ ಕುಂತಂಗ ಕುಂತಾವ ನೋಡವಾ, ಮೈ ಭಾರ ಮಾಡಕೊಂಡು” ಎಂದರು. “ಇವೆಲ್ಲಾ ಬಾಣಂತ್ಯಾರನ?”

“ಮರಿ ಇನ್ನೂ ಬಂದಿಲ್ರಿ ಅತ್ತಿ. ತತ್ತಿ ಅದಾವು.”

“ಹಡದಾವಿಲ್ಲ? ಹಡದ ಮ್ಯಾಲೆ ಬಾಣಂತ್ಯಾರ. ಹಸೀ ಮೈ ಪಾಪ. ಬಾಣಂತಿ ಮಾರಿ ನೋಡಾಕ ಬರಿಗೈಲೆ ಬಂದಿ ಅಲ್ಲ ನೀನು! ಸಾಲಿ ಕಲತಿ ಅಂತಾರ, ಇಷ್ಟ ತಿಳೀಲಿಲ್ಲೇನ?”

ನಮ್ಮ ಕಡೆ ಬಾಣಂತಿಯನ್ನು ನೋಡಲು ಹೋಗುವವರು ಕೊಬ್ಬರಿಯೋ ಅಂಟಿನುಂಡಿಯೋ ಏನಾದರೂ ಒಯ್ಯಲೇಬೇಕು. ಆ ಮಾತು ಚೇಷ್ಟೆಗೆ ಆಡಿದರೆಂದುಕೊಂಡೆ. ಅವರು ಉಡಿಯ ಸಾಮಾನು, ಮೊಸರನ್ನದ ಬೋಗುಣಿ, ಒಂದು ಹಿಡಿ ಮಾದಲಿ ಇದ್ದ ಮಡಿಬುಟ್ಟಿ ಎತ್ತಿಕೊಂಡು ಹೊಳೆಗೆ ಇಳಿದರು. ನೀರಿನ ಅಂಚಿನಲ್ಲಿ ಐದು ಹರಳು ನೆಟ್ಟು, ಅರಿಷಿಣ ಕುಂಕುಮ ಹಚ್ಚಿ, ಹಸಿರು ಕುಪ್ಪಸದ ಕಣ, ಬಳೆ, ಅಕ್ಕಿ, ಕೊಬ್ಬರಿಬಟ್ಟಲು ಇಟ್ಟು ಉಡಿ ತುಂಬುವುದನ್ನು ಮೇಲಿನಿಂದ ನೋಡಿದೆ. ಕೊಬ್ಬರಿಬಟ್ಟಲನ್ನು ತಿರುಗಿ ತೆಗೆದು ಸೆರಗಿನಲ್ಲಿ ಗಂಟು ಹಾಕಿದರು. ನಾನು ಮತ್ತೆ ನನ್ನ ಹಕ್ಕಿಯ ಕಡೆ ದುರ್ಬೀನು ತಿರುಗಿಸಿದೆ.

ಒಮ್ಮೆಲೆ ಹಿಂಡು ಎದ್ದಿತು. ಆಕಾಶವೆಲ್ಲ ಚೀರಾಟ. ದುರ್ಬೀನು ತೆಗೆದು ನೋಡಿದರೆ ಅತ್ತೆಯವರು ಹರಿವು ದಾಟಿ ದಿನ್ನೆಯ ನಡುವೆ ನಿಂತಿದ್ದಾರೆ. ಒಂದು ಕೈಯಲ್ಲಿ ಮೊಸರನ್ನದ ಬೋಗುಣಿ. ಇನ್ನೊಂದು ಕೈಯಿಂದ ಗೂಡು ಗೂಡಿಗೂ ಒಂದೊಂದು ತುತ್ತು ಇಡುತ್ತಿದ್ದಾರೆ, ಮೇಲೆ ಚಿಟಿಕೆ ಮಾದಲಿ. ಹಕ್ಕಿಗಳು ಅವರ ತಲೆಯ ಮೇಲೆ ಎರಗಿ ಎರಗಿ ಹೋಗುತ್ತಿದ್ದವು. ಅವರು ಸೆರಗನ್ನು ತಲೆಯ ತುಂಬ ಹೊದ್ದು, “ಸಿಟ್ಟ ಮಾಡಕೋಬ್ಯಾಡ್ರೆವಾ, ಮುಟ್ಟೂದಿಲ್ಲ, ಮುಟ್ಟೂದಿಲ್ಲ. ಉಣ್ರಿ. ಹಸದ ಹೊಟ್ಟೀಲೆ ಹಾಲು ಬರೂದಿಲ್ಲ” ಎನ್ನುತ್ತಿದ್ದರು.

ನಾನು ಮಗ್ಗುಲಲ್ಲಿದ್ದ ಛತ್ರಿ ಎತ್ತಿಕೊಂಡು, ದಂಡೆಯಿಂದ ಜಾರುತ್ತ ಇಳಿದು ನೀರಿನಲ್ಲಿ ಬೀಳುತ್ತ ಏಳುತ್ತ ಓಡಿದೆ. ನಾನು ದಿನ್ನೆಗೆ ಮುಟ್ಟುವಷ್ಟರಲ್ಲಿ ದಂಡೆಯ ಹೊಂಗೆಮರದಿಂದ ಎರಡು ಕಾಗೆ ಬಂದಿದ್ದವು. ಅವು ಉಂಡು ಸುಮ್ಮನಿರುವ ಜಾತಿಯಲ್ಲ, ಬಳಗವನ್ನು ಕರೆದವು. ಎಣಿಸುವ ಮೊದಲೇ ಉಸುಕಿನ ಮೇಲೆ ಕಪ್ಪಗೆ ಇಳಿದಿದ್ದವು. ಅನ್ನ ತಿನ್ನುತ್ತ ತಿನ್ನುತ್ತ ಒಂದು ಕಾಗೆ ಕುಪ್ಪಳಿಸಿ ತಗ್ಗಿನ ಬಳಿ ಹೋಯಿತು. ಅತ್ತೆಯವರ ಕಣ್ಣೆದುರೇ ಒಂದು ತತ್ತಿಯನ್ನು ಕೊಕ್ಕಿನಲ್ಲಿ ಚುಚ್ಚಿ ಎತ್ತಿಕೊಂಡು ಹಾರಿತು. ಹಳದಿ ಲೋಳೆ ಉಸುಕಿನ ಮೇಲೆ ಗೆರೆಯಂತೆ ಬಿತ್ತು.

ಅತ್ತೆಯವರ ಕೈಯಲ್ಲಿನ ತುತ್ತು ಕೈಯಲ್ಲೇ ಉಳಿಯಿತು.

“ಏನ ಮಾಡಿದ್ನೆವಾ ನಾನು” ಎಂದರು. “ಹೊಟ್ಟೀಲೆ ಇದ್ದಾಕಿನ ಮನ್ಯಾಗ ಬಿಟ್ಟು ಬಂದು, ಹಡದಾಕಿ ತತ್ತಿ ನನ್ನ ಕೈಲೆ ಕಾಗಿಗಿ ಹಾಕಿದ್ನೆವಾ. ಗಂಗವ್ವನ ಮಡಲಾಗ. ಇದು ನನ್ನ ಶರಣಿಗಿ ತಟ್ಟಲಾರದ ಇರತೈತೇನ?”

ಹಾಗೇನೂ ಆಗುವುದಿಲ್ಲ ಎಂದು ಬಾಯಿಯವರೆಗೆ ಬಂದಿತು. ಆದರೆ ಆ ಮುಖಕ್ಕೆ ಮಾತು ಸಾಲದು ಎಂದು ಗೊತ್ತಾಯಿತು. “ಉಳಿದ ತತ್ತಿ ಉಳಿಸೂಣ್ರಿ” ಎಂದಷ್ಟೇ ಹೇಳಿ ಛತ್ರಿ ಬೀಸುತ್ತ ಕಾಗೆಗಳ ಮೇಲೆ ಹೋದೆ.

ಕಾಗೆಗಳು ಛತ್ರಿಗೆ ಅಂಜುತ್ತವೆ, ಆದರೆ ಛತ್ರಿಯ ಉದ್ದದಷ್ಟು ಮಾತ್ರ. ಈ ಕಡೆ ಓಡಿಸಿದರೆ ಆ ಕಡೆ ಇಳಿದವು. ನಾವಿಬ್ಬರೂ ದಿನ್ನೆಯ ಎರಡು ತುದಿಗೆ ನಿಂತು ಕೂಗಿದೆವು, ಉಸುಕು ತೂರಿದೆವು. ಚದುರಿದ ಅನ್ನವನ್ನು ಬಳಿದು ಬೋಗುಣಿಗೆ ತುಂಬಿದೆವು. ಕಾಗೆಗಳು ಕಲ್ಲಂಗಡಿಯ ಕಡೆ ತಿರುಗಿದಾಗ ಹನುಮವ್ವನ ಗಂಟಲು ಕೇಳಿಸಿತು: “ಏನ್ರಿ ಇದು! ಹಕ್ಕಿ ನೋಡಾಕ ಬರ್ತೇವಿ ಅಂದ್ರಿ, ನನ್ನ ಹಣ್ಣಿಗಿ ಕಾಗೀ ದಿಬ್ಬಣಾನ ಕರಕೊಂಡ ಬಂದ್ರಿ!”

ಸ್ವಲ್ಪ ಹೊತ್ತಾದ ಮೇಲೆ ಕಾಗೆಗಳು ದೂರ ಸರಿದು ಹೊಂಗೆಮರದಲ್ಲಿ ಕುಳಿತವು. ಗೆದ್ದೆವು ಎಂದುಕೊಂಡೆ. ಆಗ ಇನ್ನೊಂದು ಕಣ್ಣಿಗೆ ಬಿತ್ತು. ನಮ್ಮ ತಲೆಯ ಮೇಲೆ ಹಕ್ಕಿಗಳು ಇನ್ನೂ ಚೀರುತ್ತ ಸುತ್ತುತ್ತಲೇ ಇದ್ದವು. ಒಂದೂ ಇಳಿದಿರಲಿಲ್ಲ. ನಾವು ನಿಂತಿರುವತನಕ ಇಳಿಯುವುದೂ ಇಲ್ಲ. ಉಸುಕಿಗೆ ಅಂಗೈ ಇಟ್ಟೆ. ಕಾದ ಹಂಚಿನಂತೆ ಸುಟ್ಟು ಕೈ ತೆಗೆದೆ. ಆ ಹಂಚಿನ ಮೇಲೆ ತತ್ತಿಗಳು ಬಿಸಿಲಿಗೆ ಬಿದ್ದಿದ್ದವು, ಮೇಲೆ ಒದ್ದೆ ಹೊಟ್ಟೆಯಿಲ್ಲದೆ.

“ಅತ್ತಿ, ನಾವು ನಿಂತ್ರ ತತ್ತಿ ಬಿಸಲಿಗೆ ಬೇಯತಾವು. ಹ್ವಾದ್ರ ಕಾಗಿ ತಿಂತಾವು.”

ಅವರು ನನ್ನನ್ನು ನೋಡಿದರು, ಮರದಲ್ಲಿನ ಕಾಗೆಗಳನ್ನು ನೋಡಿದರು, ಆಮೇಲೆ ಬೋಗುಣಿ ನೋಡಿದರು. ಆಗಿನ ಅಳುಮುಖ ಹೋಗಿ, ಮನೆಯಲ್ಲಿ ಕೂಲಿಯಾಳುಗಳಿಗೆ ಕೆಲಸ ಹಚ್ಚುವಾಗಿನ ಮುಖ ಬಂತು.

“ಕಾಗಿ ಕರದಾಕಿ ನಾನು. ಕರಕೊಂಡು ಹೋಗಾಕೀನೂ ನಾನ. ಬುತ್ತಿ ಎಲ್ಲೈತಿ?”

“ದಂಡೀ ಮ್ಯಾಲೆ. ಯಾಕ್ರಿ?”

“ತಗೊಂಡ ಬಾ. ಎಲ್ಲಾ ತಗೊಂಡ ಬಾ. ಆ ತಿರುವಿನಾಚಿಗೆ ಒಂದು ಬೋಳ ಜಾಲಿ ಕಾಣತೈತಿಲ್ಲ, ಅಲ್ಲೀತನಕ ಹಾಕಕೋತ ಹೋಗತೇನಿ. ನೀ ದಂಡೀ ಏರಿ ಆ ಕೊಳವಿ ಹಿಡಕೊಂಡು ನೋಡು. ಎಲ್ಲಾವೂ ಕುಂತಮ್ಯಾಲೆ ಛತ್ರಿ ಬಿಚ್ಚು. ನೀ ಬಿಚ್ಚೂಮಟ ನಾ ತಿರುಗಿ ಬರೂದಿಲ್ಲ.”

“ಬಿಸಲ ಭಾಳ ಐತ್ರಿ. ನಾ ಹೋಗತೇನಿ, ನೀವು...”

“ನನಗ ಆ ಕೊಳವ್ಯಾಗ ಕಾಗಿ ಯಾವುದು, ಬಾಣಂತಿ ಯಾವುದು ತಿಳಿಯಂಗಿಲ್ಲ. ಹೋಗ.”

ಬುತ್ತಿ ತಂದುಕೊಟ್ಟೆ. ಅವರು ಹೊಳೆಗುಂಟ ನಡೆದರು. ಹತ್ತು ಹೆಜ್ಜೆಗೊಮ್ಮೆ ಒಂದು ತುತ್ತು ಮೊಸರನ್ನ. ನಾವು ಲಿಂಗವಂತರು, ನಮ್ಮ ಮನೆತನದಲ್ಲಿ ಸತ್ತವರ ಹೆಸರಿನಲ್ಲಿ ಕಾಗೆಗೆ ಕೂಳಿಡುವ ಪದ್ಧತಿಯಿಲ್ಲ. ಅಂಥ ಮನೆಯ ಹಿರಿಯ ಹೆಂಗಸು ಹೊಳೆಯ ನಡುವೆ ನಿಂತು ಕೈಯೆತ್ತಿ “ಕಾವ್, ಕಾವ್, ಬರ್ರ್ಯೋ ನನ್ನಪ್ಪಗಳ್ರ್ಯಾ, ಈ ಕಡೆ ಬರ್ರ್ಯೋ” ಎಂದು ಕರೆಯುವುದನ್ನು ದಂಡೆಯ ಮೇಲಿನಿಂದ ಕೇಳಿದೆ. ಹನುಮವ್ವ ಬಾಯಿಗೆ ಸೆರಗು ಇಟ್ಟುಕೊಂಡು ನಗುತ್ತಿದ್ದಳು. ನನಗೆ ನಗು ಬರಲಿಲ್ಲ.

ಕಾಗೆಗಳು ಮೊದಲು ಒಂದು, ಆಮೇಲೆ ನಾಲ್ಕು, ಆಮೇಲೆ ಎಲ್ಲವೂ ಅವರ ಹಿಂದೆ ಹೋದವು. ದಿನ್ನೆ ಬರಿದಾಯಿತು. ನಾನು ಮುಚ್ಚಿದ ಛತ್ರಿಯನ್ನು ಕಂಕುಳಲ್ಲಿ ಇರುಕಿಕೊಂಡು, ಮೊಳಕೈಯನ್ನು ಜಾಲಿಯ ಬೊಡ್ಡೆಗೆ ಊರಿ, ದುರ್ಬೀನು ಅಲುಗಾಡದಂತೆ ಹಿಡಿದೆ. ನೆರಳು ಹಿಂದಕ್ಕೆ ಸರಿದಿತ್ತು. ಬೆವರು ಕಣ್ಣಿಗಿಳಿಯುತ್ತಿತ್ತು. ಒರೆಸಿಕೊಳ್ಳುವಷ್ಟರಲ್ಲಿ ಏನಾದರೂ ತಪ್ಪಿಹೋದೀತೆಂದು ಒರೆಸಿಕೊಳ್ಳಲಿಲ್ಲ.

ಹಕ್ಕಿಗಳು ಇಳಿದವು, ಮತ್ತೆ ಎದ್ದವು. ಇಳಿದವು, ಎದ್ದವು. ಕೊನೆಗೆ ಒಂದು ಹಕ್ಕಿ ಉಸುಕಿನ ಮೇಲೆ ನಿಂತು ರೆಕ್ಕೆ ಮಡಚದೆ ಬಹಳ ಹೊತ್ತು ಯೋಚಿಸಿತು. ಅತ್ತ ದೂರದಲ್ಲಿ ಅತ್ತೆಯವರ ಬೋಗುಣಿ ಬರಿದಾಗಿತ್ತು. ರೊಟ್ಟಿಯ ಗಂಟು ಬಿಚ್ಚಿದ್ದು ಕಂಡಿತು. ರೊಟ್ಟಿ ಮುರಿದು ಮುರಿದು ಎಸೆದರು. ಮಾದಲಿಯ ಡಬ್ಬಿ ಬೋರಲು ಹಾಕಿದರು. ಇತ್ತ ಆ ಒಂದು ಹಕ್ಕಿ ರೆಕ್ಕೆ ಮಡಚಿ ಕುಳಿತಿತು. ಅದನ್ನು ನೋಡಿ ಮಗ್ಗುಲಿನದು. ಆಮೇಲೆ ಮೂರು. ಇನ್ನೂ ಅರ್ಧಕ್ಕರ್ಧ ಗಾಳಿಯಲ್ಲೇ ಇದ್ದವು.

ತಿರುವಿನಾಚೆ ಅತ್ತೆಯವರು ಜಾಲಿಯ ಕೆಳಗೆ ನಿಂತಿದ್ದರು. ಸುತ್ತಲೂ ಕಾಗೆಗಳು. ಕೈ ಬರಿದಾಗಿತ್ತು. ಒಂದೆರಡು ಕಾಗೆ ಆಗಲೇ ಎದ್ದು ದಿನ್ನೆಯ ಕಡೆ ತಿರುಗಿದವು. ಅತ್ತೆಯವರು ನನ್ನ ಕಡೆ ನೋಡಿದರು. ಅಷ್ಟು ದೂರದಿಂದ ನಾನು ಛತ್ರಿ ಬಿಚ್ಚಿಬಿಡಬಹುದಿತ್ತು. ಅವರು ನಂಬುತ್ತಿದ್ದರು, ಬಿಸಿಲಿನಿಂದ ಬಿಡುಗಡೆಯಾಗುತ್ತಿತ್ತು. ಹಕ್ಕಿಗಳು ಇನ್ನೂ ಕುಳಿತಿರಲಿಲ್ಲ. ನಾನು ಬಿಚ್ಚಲಿಲ್ಲ.

ಅವರು ಸೆರಗಿನ ತುದಿಯನ್ನು ಹಿಡಿದು ಗಂಟು ಬಿಚ್ಚತೊಡಗಿದರು. ಆ ಗಂಟಿನಲ್ಲಿ ಏನಿದೆಯೆಂದು ನನಗೆ ಗೊತ್ತಿತ್ತು. ಶರಣವ್ವನ ಪ್ರಸಾದ. ಒಂದು ಕ್ಷಣ ಆ ಕೊಬ್ಬರಿಬಟ್ಟಲನ್ನು ಹಣೆಗೆ ಒತ್ತಿಕೊಂಡರು. ಆಮೇಲೆ ಜಾಲಿಯ ಬುಡದ ಕಲ್ಲಿಗೆ ಕುಟ್ಟಿ ಒಡೆದು, ಚೂರು ಚೂರು ಮಾಡಿ ಎಸೆದರು. ಹೊರಟಿದ್ದ ಕಾಗೆಗಳು ತಿರುಗಿ ಬಂದವು. ಕೊಬ್ಬರಿಯ ಚೂರಿಗಾಗಿ ಅಲ್ಲಿ ನಡೆದ ಜಗಳದ ಗದ್ದಲ ದಂಡೆಯವರೆಗೂ ಕೇಳಿಸಿತು.

ಇತ್ತ ದಿನ್ನೆಯ ಮೇಲೆ ಹಕ್ಕಿಗಳು ಕೂಡುತ್ತಿದ್ದವು. ಒಂದು ತತ್ತಿ ಕಳೆದು ಒಂದು ಉಳಿದಿದ್ದ ತಗ್ಗನ್ನೇ ನೋಡುತ್ತಿದ್ದೆ. ಅದರ ಹಕ್ಕಿ ಎಲ್ಲರಿಗಿಂತ ತಡವಾಗಿ ಬಂತು. ತಗ್ಗಿನ ಸುತ್ತ ಒಮ್ಮೆ ನಡೆದು, ಕೊಕ್ಕಿನಿಂದ ಆ ಒಂದೇ ತತ್ತಿಯನ್ನು ಮಗ್ಗುಲು ತಿರುವಿ, ಕುಳಿತಿತು. ತುಸು ಹೊತ್ತಿನಲ್ಲಿ ಇನ್ನೊಂದು ಮೂಲೆಯಿಂದ ಒಂದು ಹಕ್ಕಿ ಎದ್ದು ನೀರಿಗೆ ಹಾರಿ, ಹೊಟ್ಟೆ ತೋಯಿಸಿಕೊಂಡು ತಿರುಗಿ ಬಂತು. ಆಗ ಛತ್ರಿ ಬಿಚ್ಚಿದೆ.

ಅತ್ತೆಯವರು ದಿನ್ನೆಯನ್ನು ಬಳಸಿ, ದೂರದ ದಂಡೆಗುಂಟ ತಿರುಗಿ ಬಂದರು. ಮುಖ ಕೆಂಪಾಗಿತ್ತು. ಕುಂಕುಮ ಬೆವರಿಗೆ ಮೂಗಿನವರೆಗೆ ಇಳಿದಿತ್ತು.

“ಎಲ್ಲಾ ಕುಂತ್ವೇನ?”

“ಕುಂತ್ವ್ರಿ.”

“ತತ್ತಿ ಕಳಕೊಂಡಾಕಿ?”

“ಆಕೀನೂ ಕುಂತಾಳ. ಒಂದು ಐತ್ರಿ ಆಕೀಗೆ.”

ಅವರು ಉಸುಕಿನ ಮೇಲೆ ಕುಳಿತುಬಿಟ್ಟರು. “ಹೋದದ್ದು ಹೋತು. ಇರೂದು ದಕ್ಕಲಿ” ಎಂದರು. ಯಾರ ಮಾತೆಂದು ನಾನು ಕೇಳಲಿಲ್ಲ. ಆ ತತ್ತಿಗಳೊಳಗೆ ಬಿಸಿಲಿಗೆ ಜೀವ ಉಳಿದಿತ್ತೋ ಇಲ್ಲವೋ ಯಾವ ದುರ್ಬೀನಿಗೂ ಕಾಣುವುದಿಲ್ಲ. ತಾಯಂದಿರು ಕುಳಿತದ್ದನ್ನು ಮಾತ್ರ ನಾನು ಕಂಡೆ. ನನ್ನ ಕೈಲಾಗುವುದು ಅಷ್ಟೇ ಇತ್ತು.

ಹನುಮವ್ವ ಒಂದು ಕಲ್ಲಂಗಡಿ ತಂದು ಮುಂದಿಟ್ಟಳು. “ಕಾಗಿ ಕುಕ್ಕಿದ್ದು. ಸಂತ್ಯಾಗ ಯಾರೂ ತಗೊಳ್ಳೂದಿಲ್ಲ. ಕಾಗಿ ಕರದವರ ತಿನ್ರಿ” ಎಂದಳು. ಕುಕ್ಕಿದ ಭಾಗ ಕೊಯ್ದು ತೆಗೆದು ತಿಂದೆವು. ಅಂಥ ಸಿಹಿ ಹಣ್ಣನ್ನು ಆಮೇಲೆ ತಿಂದ ನೆನಪಿಲ್ಲ, ಹಸಿವೆಯೂ ಹಾಗಿತ್ತು. ಚಕ್ಕಡಿಯ ಬಳಿ ಫಕೀರಪ್ಪ ತನ್ನ ಬುತ್ತಿ ಉಂಡು ಒಂದು ನಿದ್ದೆಯನ್ನೂ ಮುಗಿಸಿದ್ದ. “ಊಟ ಆತೇನ್ರಿ ಅವ್ವಾರ?” ಎಂದು ಕೇಳಿದ. “ಪಂಕ್ತಿ ದೊಡ್ಡದಿತ್ತಪಾ, ನಮಗ ಎಲಿ ಸಿಗಲಿಲ್ಲ” ಎಂದರು ಅತ್ತೆಯವರು. ಹೊಳೆಗೆ ಬಂದ ಮೇಲೆ ಆಗ ಮೊದಲ ಸಲ ನಾನು ನಕ್ಕೆ. ಅವರೂ ನಕ್ಕರು.

ಹೊರಡುವ ಮೊದಲು ದಂಡೆಯ ಮೇಲಿಂದ ಇನ್ನೊಮ್ಮೆ ನೋಡಿದೆ. ಗಾಳಿ ತಿರುಗಿತ್ತು, ಹಕ್ಕಿಗಳೂ ಮುಖ ತಿರುಗಿಸಿ ಕುಳಿತಿದ್ದವು.

ಆಡೂರಿನಿಂದ ತಿರುಗಿ ಬರುವ ಮೋಟಾರಿನಲ್ಲಿ ಬೆಳಗಿನ ಕಂಡಕ್ಟರನೇ ಇದ್ದ. “ಹಕ್ಕಿ ಸಿಕ್ಕುವೇನ್ರಿ?” ಎಂದ. “ಸಿಕ್ಕುವು. ನಿನ್ನ ಗಾಡಿಗಿಂತ ಚಲೋ ಹಾರತಾವು” ಎಂದು ಅತ್ತೆಯವರೇ ಉತ್ತರ ಕೊಟ್ಟು ಕಿಟಕಿಗೆ ತಲೆಯಾನಿಸಿ ಕಣ್ಣುಮುಚ್ಚಿದರು. ಅವರಿಗೆ ನಿದ್ದೆ ಬಂದಿರಲಿಲ್ಲ. ಸೆರಗಿನ ಬರಿದಾದ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದರು.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಶರಣವ್ವ ಹೊಸ್ತಿಲಿನಲ್ಲಿ ಕುಳಿತಿದ್ದಳು. ಕಾಲಿಗೆ ನೀರು ಕೊಡಲು ಏಳಹೋದವಳನ್ನು ನಾನೇ ತಡೆದೆ. “ಪ್ರಸಾದ ಎಲ್ಲೆವ್ವಾ?” ಎಂದು ಕೈಚಾಚಿದಳು.

ಅತ್ತೆಯವರು ಮಗಳ ಪಕ್ಕ ಕುಳಿತು ಆ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. “ಅಲ್ಲೇ ಕೊಟ್ಟ ಬಂದ್ನೆವಾ” ಎಂದರು. “ನಿನ್ನಂಥಾಕಿ ಒಬ್ಬಾಕಿ ಇದ್ಲು. ಆಕೀಗೆ ಬೇಕಾಗಿತ್ತು. ಗಂಗವ್ವ ನೋಡ್ಯಾಳ.”

ಶರಣವ್ವ ಏನು ತಿಳಿದಳೋ, ಕೈ ಬಿಡಿಸಿಕೊಳ್ಳಲಿಲ್ಲ. “ಆತು ಬಿಡವ್ವಾ. ಮೊದಲ ಉಣ್ಣು, ಮಾರಿ ಬಾಡೇತಿ” ಎಂದಳು.

ಒಳಗೆ ಹೋಗಿ, ಬೆಳಿಗ್ಗೆ ಮನೆಯವರಿಗೆಂದು ಬಿಟ್ಟುಹೋಗಿದ್ದರಲ್ಲಿ ಉಳಿದ ರೊಟ್ಟಿಗೆ ಮಜ್ಜಿಗೆ ಕಲಸಿ ತಂದುಕೊಟ್ಟೆ. ಅತ್ತೆಯವರು ಹೊಸ್ತಿಲಿನಲ್ಲಿಯೇ ಕುಳಿತು ಗಬಗಬನೆ ಉಂಡರು. ಪಕ್ಕದ ಮನೆಯ ಗೌರವ್ವ ತನ್ನ ಕಟ್ಟೆಯ ಮೇಲೆ ಶಾವಿಗೆಯ ಗೋಧಿ ಹಸನು ಮಾಡುತ್ತ ಇದನ್ನೆಲ್ಲ ನೋಡುತ್ತಿದ್ದಳು.

“ಅಷ್ಟ ದೊಡ್ಡ ಬುತ್ತಿ ಕಟಗೊಂಡ ಹ್ವಾದ್ರಿ, ಯಾರಿಗಿ ಉಣಿಸಿ ಬಂದ್ರೆವಾ?” ಎಂದು ಕೇಳಿದಳು.

“ಕಾಗಿಗಿ” ಎಂದರು ಅತ್ತೆಯವರು, ತಲೆಯೆತ್ತದೆ.

ಗೌರವ್ವ ಮೊರವನ್ನು ಒಮ್ಮೆ ಕೇರಿ, ಹೊಟ್ಟನ್ನು ಬಾಯಿಂದ ಊದಿ ಹಾರಿಸಿದಳು. “ಅದಕ್ಕ ಹೊಳೀಮಟ ಯಾಕ ಹೋಗಬೇಕಿತ್ತೆವಾ?” ಎಂದಳು. “ನಮ್ಮ ಮಾಳಿಗಿ ಮ್ಯಾಲ ಹಗಲೆಲ್ಲಾ ಕುಂತಿರತಾವಲ್ಲ.”